ಮರೆತವಳು ನಾನು, ಕೆಲಸ ಹೋದದ್ದು ಓರಲೀಯದು

ಐಡಹೋ, ಮಾರ್ಚ್ 22, 2023, ಬುಧವಾರ

ಮಾನ್ಯ ಶೆರೀಫರೇ,

ಇದೇ ತಿಂಗಳ ಒಂಬತ್ತನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ನಿಮ್ಮ ಕಚೇರಿಯ ಲೈಸೆನ್ಸ್ ವಿಭಾಗದ ಹೆಂಗಸರ ಶೌಚಾಲಯದಲ್ಲಿ, ಬಾಗಿಲಿನಿಂದ ಎರಡನೇ ಕೋಣೆಯ ಟಾಯ್ಲೆಟ್ ಪೇಪರ್ ಡಬ್ಬಿಯ ಮೇಲೆ ಗುಂಡು ತುಂಬಿದ ಒಂದು ಪಿಸ್ತೂಲು ಇತ್ತು. ಅದು ನನ್ನದು. ಅದನ್ನು ಅಲ್ಲಿ ಮರೆತು ಎದ್ದುಬಂದವಳು ನಾನು. ಅದನ್ನು ಕಂಡು, ಯಾರ ಕೈಗೂ ಸಿಗದಂತೆ ಬೀಗ ಹಾಕಿ ಕಾದವರು ನಿಮ್ಮ ಕಟ್ಟಡವನ್ನು ಹದಿನಾಲ್ಕು ವರ್ಷದಿಂದ ಗುಡಿಸಿ ಒರೆಸುತ್ತಿದ್ದ ಓರಲೀ ಸ್ಟಾಡರ್ಡ್. ನೀವು ನನಗೆ ಪಿಸ್ತೂಲನ್ನು ಮರಳಿ ಕೊಟ್ಟಿರಿ, ಜೊತೆಗೆ ಒಂದು ಜೋಕನ್ನೂ ಕೊಟ್ಟಿರಿ. ಓರಲೀಗೆ ವಜಾಪತ್ರ ಕೊಟ್ಟಿರಿ. ವಿಳಾಸ ಅದಲುಬದಲಾಗಿದೆ ಎಂದು ತಿಳಿಸಲು ಈ ಪತ್ರ. ಖಾಸಗಿಯಾಗಿ ಎರಡು ಸಲ ಬರೆದೆ. ನೀವು ಎರಡು ಸಲವೂ 'ನಿಯಮ ನಿಯಮವೇ' ಎಂಬ ಒಂದೇ ಉತ್ತರ ಕಳಿಸಿದ್ದರಿಂದ ಈ ಸಲ ನಮ್ಮೂರ ವಾರಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದನ್ನು ಬಂದೂಕು ಕಂಡರೆ ಬೆಚ್ಚಿಬೀಳುವವರ ಪತ್ರವೆಂದು ಮಡಚಿ ಪಕ್ಕಕ್ಕಿಡುವ ಅನುಕೂಲ ನಿಮಗಿಲ್ಲ. ಹದಿನೇಳು ವರ್ಷಗಳಿಂದ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು ಸುರಕ್ಷತೆಯ ತರಗತಿ ನಡೆಸುತ್ತಿರುವವಳು ನಾನು. ಈ ಕೌಂಟಿಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ದಿನಸಿ ಅಂಗಡಿಗೆ ಹೋಗುವವರಲ್ಲಿ ಸಾವಿರದ ನೂರು ಜನ ನನ್ನ ಮುಂದೆ ಕೂತು ಎದ್ದವರು. ಅವರಲ್ಲಿ ನಿಮ್ಮ ಇಬ್ಬರು ಡೆಪ್ಯುಟಿಗಳಿದ್ದಾರೆ. ನೀವೂ ಇದ್ದೀರಿ. ಮೂರು ಚುನಾವಣೆಗಳಲ್ಲಿ ನಿಮಗೇ ಮತ ಹಾಕಿದ್ದೇನೆ.

ಹಾಗೆ ನೋಡಿದರೆ ನನ್ನ ತರಗತಿಯ ಮೂರನೇ ಪಾಠವೇ ಶೌಚಾಲಯ. ನೀವೂ ಅಂದು ಹಿಂದಿನ ಬೆಂಚಿನಲ್ಲಿ ಕೂತು ಕಿಸಕ್ಕೆಂದು ನಕ್ಕದ್ದು ನೆನಪಿದೆ. ಎಲ್ಲರೂ ನಗುತ್ತಾರೆ. ಪಾಠ ಇಷ್ಟೇ: ಕೂರುವಾಗ ಪಿಸ್ತೂಲನ್ನು ಒರೆಯಿಂದ ತೆಗೆಯಬೇಡಿ, ಒರೆಯನ್ನು ಬೆಲ್ಟಿನಿಂದ ಬಿಚ್ಚಬೇಡಿ, ಪ್ಯಾಂಟಿನ ಜೊತೆ ಅದೂ ಕಾಲ ಬಳಿಯೇ ಬಿದ್ದಿರಲಿ, ಆಗ ಅದಿಲ್ಲದೆ ಎದ್ದು ನಡೆಯುವುದು ಯಾರಿಂದಲೂ ಆಗದು. ಡಬ್ಬಿಯ ಮೇಲೆ, ಬಾಗಿಲಿನ ಕೊಕ್ಕೆಗೆ, ಫ್ಲಶ್ ಟ್ಯಾಂಕಿನ ಮೇಲೆ ಇಟ್ಟವರು ಒಂದು ದಿನ ಮರೆತೇ ಮರೆಯುತ್ತಾರೆ. ಈ ವಾಕ್ಯವನ್ನು ಹದಿನೇಳು ವರ್ಷ, ಧ್ವನಿ ಕೂಡ ಬದಲಿಸದೆ, ಹೇಳಿಕೊಂಡು ಬಂದಿದ್ದೇನೆ.

ಅಂದು ನಾನು ಬಂದಿದ್ದು ನನ್ನ ಪರವಾನಗಿಯನ್ನು ನವೀಕರಿಸಲು. ನಿಮ್ಮ ಕೌಂಟರಿನ ಸಾಲು ನಲವತ್ತು ನಿಮಿಷದ್ದು. ಕೈಯಲ್ಲಿ ಹಂಗೇರಿಯ ಭಾಷೆಯಿಂದ ಅನುವಾದವಾದ ಒಂದು ಕಾದಂಬರಿ ಇತ್ತು. ಇನ್ನೂರ ಹನ್ನೆರಡನೇ ಪುಟದಲ್ಲಿ ಪೋಸ್ಟ್‌ಮಾಸ್ತರನ ವಿಧವೆ ತನ್ನದಲ್ಲದ ಪತ್ರವೊಂದನ್ನು ಒಡೆಯುವುದರಲ್ಲಿದ್ದಳು. ಅಂಥ ಹೊತ್ತಿನಲ್ಲಿ ಪುಸ್ತಕ ಮುಚ್ಚುವುದು ಹೇಗೆ? ಶೌಚಾಲಯಕ್ಕೂ ಒಯ್ದೆ. ಪುಸ್ತಕ ಹಿಡಿಯಲು ಕೈ ಬೇಕಿತ್ತು, ಒರೆ ಹೊಸದು, ಒಂದೇ ಕೈಯಲ್ಲಿ ಕಳಚಿಬರುವಂಥದ್ದು. ಡಬ್ಬಿಯ ಮೇಲಿಟ್ಟೆ. ಎದ್ದುಬರುವಾಗ ಪುಸ್ತಕವನ್ನು ಮರೆಯಲಿಲ್ಲ. ಓದಿದ ಪುಟಕ್ಕೆ ಗುರುತಿನ ಚೀಟಿಯನ್ನೂ ಇಟ್ಟಿದ್ದೆ. ಇದಕ್ಕಿಂತ ಒಳ್ಳೆಯ ಸಮಜಾಯಿಷಿ ನನ್ನ ಬಳಿ ಇಲ್ಲ.

ಆಮೇಲೆ ನಡೆದದ್ದನ್ನು ನಿಮ್ಮ ಎರಡು ಪುಟದ ವರದಿ ಒಂದೂವರೆ ಸಾಲಿನಲ್ಲಿ ಮುಗಿಸಿದೆ. ಓರಲೀ ತಮ್ಮ ಅಡುಗೆಮನೆಯಲ್ಲಿ ನನಗೆ ಹೇಳಿದ್ದು ಸ್ವಲ್ಪ ಉದ್ದವಿದೆ. ಮೊದಲನೇ ಕೋಣೆಯಲ್ಲಿ ಒಬ್ಬ ತಾಯಿ, ನಾಲ್ಕು ವರ್ಷದ ಮಗಳ ಜೊತೆ ಇದ್ದಳು. ನಿಮ್ಮ ಶೌಚಾಲಯದ ಅಡ್ಡಹಲಗೆಗಳು ನೆಲ ಮುಟ್ಟುವುದಿಲ್ಲ; ಮಕ್ಕಳು ನುಸುಳುವಷ್ಟು ಸಂದು ಕೆಳಗಿದೆ. ನೆಲ ಒರೆಸುತ್ತಿದ್ದ ಓರಲೀಗೆ ಎರಡನೇ ಕೋಣೆಯೊಳಗೆ ಎರಡು ಪುಟ್ಟ ಕೆಂಪು ಬೂಟು ಕಂಡವು. ಬಾಗಿಲು ತಳ್ಳಿದರೆ ಮಗು ನಿಂತಿದೆ, ಪಿಸ್ತೂಲು ಸರಿಯಾಗಿ ಅದರ ಕಣ್ಣಿನ ಎತ್ತರಕ್ಕಿದೆ.

"ಎತ್ತಿ ಆ ಕಡೆ ದಾಟಿಸಿದೆ. ಅದು ಆಟ ಅಂದ್ಕೊಂಡ್ಬಿಡ್ತು ಕಣ್ರೀ," ಎಂದರು ಓರಲೀ. "ಕಿಲಕಿಲ ಅಂತ ನಗ್ತಾ ಮತ್ತೆ ಕೆಳಗಿಂದ ನುಗ್ತು. ಮತ್ತೆ ಎತ್ತಿದೆ, ಮತ್ತೆ ನುಗ್ತು. ಅವರಮ್ಮ ಪಾಪ, ಇನ್ನೂ ಕೂತಿದ್ಲು. ನಾನು ಎಷ್ಟು ಸಲ ಎತ್ಲಿ?"

"ಆಗ ಪಿಸ್ತೂಲು ತಗೊಂಡ್ರಾ?"

"ಇನ್ನೇನು ಮಾಡ್ಲಿ? ರಬ್ಬರ್ ಗ್ಲೌಸ್ ಹಾಕಿದ್ದೆ. ಸತ್ತ ಇಲೀನ ಬಾಲ ಹಿಡಿದು ಎತ್ತೋ ಹಾಗೆ ಎತ್ತಿದೆ. ಬಾಯಿ ಗೋಡೆ ಕಡೆ ಇರ್ಲಿ ಅನ್ನೋದಷ್ಟೇ ತಲೇಲಿ. ನನ್ನ ಪೊರಕೆ ಸಾಮಾನಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಬೆನ್ನು ಕೊಟ್ಟು ನಿಂತೆ. ಅವರಮ್ಮನಿಗೆ 'ಹೋಗಿ ಯಾರನ್ನಾದ್ರೂ ಕರ್ಕೊಂಡ್ ಬಾಮ್ಮ' ಅಂದ್ರೆ ಅವಳು ಮಗೂನ ಬಾಚಿಕೊಂಡು ನೇರ ಕಾರಿಗೇ ಓಡಿದ್ಲು. ನಾನಾಗಿದ್ರೂ ಅದೇ ಮಾಡ್ತಿದ್ದೆ ಬಿಡಿ."

ಆ ಕೋಣೆಯಿಂದ ಬೀರುವಿಗೆ ಒಂಬತ್ತು ಹೆಜ್ಜೆ. ನಾನೇ ಹೋಗಿ ನಡೆದು ನೋಡಿ ಬಂದಿದ್ದೇನೆ. "ಒಂಬತ್ತೇನಾ? ನನಗೆ ಪಕ್ಕದ ಊರಿಗೆ ಹೋಗಿಬಂದ ಹಾಗಿತ್ತು," ಎಂದರು ಓರಲೀ.

ನನಗೆ ಕೌಂಟರಿನ ಮುಂದೆ ಸೊಂಟ ಹಗುರವೆನಿಸಿತು. ಓಡಿಹೋದಾಗ ಹನ್ನೊಂದು ನಿಮಿಷ ಕಳೆದಿತ್ತು. ಓರಲೀ ಒರೆಸುವ ಕೋಲನ್ನು ಅಡ್ಡ ಹಿಡಿದು ಬೀರುವಿನ ಮುಂದೆ ನಿಂತಿದ್ದರು.

"ಅದು ನನ್ನದು ಓರಲೀ, ಕೊಟ್ಬಿಡಿ," ಎಂದೆ.

"ಎಲ್ಲರೂ ಹಾಗೇ ಹೇಳಬಹುದು. ಶೆರೀಫ್ ಬರ್ಲಿ."

"ನಾನು ಯಾರು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು. ಈಗಷ್ಟೇ ಅದನ್ನ ಕಕ್ಕಸಲ್ಲಿ ಬಿಟ್ಟುಹೋದವರು. ದೂರ ನಿಂತ್ಕೊಳ್ಳಿ."

ಮಾನ್ಯರೇ, ನನ್ನ ಹದಿನೇಳು ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ಚೆನ್ನಾಗಿ ಪಾಸಾಗಿಲ್ಲ. ನಾನೇ ಹೋಗಿ ನಿಮ್ಮನ್ನು ಕರೆತಂದೆ. ನೀವು ಪಿಸ್ತೂಲನ್ನು ಒಂದು ಲಕೋಟೆಯಲ್ಲಿ ಹಾಕಿ ನನ್ನ ಕೈಗಿತ್ತು, "ಅಯ್ಯೋ ಟೀಚರ್, ನಿಮಗೂ ಹೀಗಾಗುತ್ತಾ? ನಮ್ಮ ಹುಡುಗ್ರು ವರ್ಷಕ್ಕೆ ಎರಡು ಸಲ ಬಿಟ್ಟುಬರ್ತಾರೆ. ಮುಂದಿನ ಸಲ ಪುಸ್ತಕ ಬಿಟ್ಟುಹೋಗಿ, ಅದನ್ನ ಇಲ್ಲಿ ಯಾರೂ ಮುಟ್ಟಲ್ಲ," ಎಂದಿರಿ. ನಾನು ನಕ್ಕೆ. "ನನಗೇನು ಶಿಕ್ಷೆ?" ಎಂದು ಕೇಳಿದ್ದಕ್ಕೆ, "ಮರೆವು ಅಪರಾಧ ಅಲ್ಲ ಟೀಚರ್, ಮನೆಗೆ ಹೋಗಿ," ಎಂದಿರಿ. ಮುಂದಿನ ಮಂಗಳವಾರ ಹೊಸ ಪರವಾನಗಿ ಅಂಚೆಯಲ್ಲಿ ಬಂತು. ಇನ್ನು ಐದು ವರ್ಷ ನಡೆಯುತ್ತದೆ. ಫೋಟೋದಲ್ಲಿ ಚೆನ್ನಾಗಿಯೇ ನಗುತ್ತಿದ್ದೇನೆ.

ಅದೇ ಮಂಗಳವಾರ ಓರಲೀಗೂ ನಿಮ್ಮ ಪತ್ರ ಬಂತು. ಆರನೇ ನಿಯಮದ ಪ್ರಕಾರ, ಅಧಿಕಾರವಿಲ್ಲದ ನೌಕರರು ಕೌಂಟಿಯ ಕಟ್ಟಡದಲ್ಲಿ ಬಂದೂಕನ್ನು ಹಿಡಿಯುವುದು, ಸ್ಥಳಾಂತರಿಸುವುದು ಅಥವಾ ಬಚ್ಚಿಡುವುದು ವಜಾಕ್ಕೆ ಅರ್ಹವಾದ ತಪ್ಪು. ಓರಲೀ ಮೂರನ್ನೂ ಮಾಡಿದ್ದಾರೆ. ಬಂದೂಕು ಕಂಡರೆ ಇದ್ದಲ್ಲೇ ಬಿಟ್ಟು ತಕ್ಷಣ ತಿಳಿಸಬೇಕಂತೆ. ಯಾವುದರಿಂದ ತಿಳಿಸಬೇಕಿತ್ತು? ಕೆಲಸದ ವೇಳೆ ಮೊಬೈಲನ್ನು ಲಾಕರಿನಲ್ಲಿಡಬೇಕು ಎನ್ನುವುದು ನಿಮ್ಮದೇ ನಾಲ್ಕನೇ ನಿಯಮ. ಹಾಗಾದರೆ ನಗುತ್ತಾ ನುಸುಳುವ ಮಗುವನ್ನೂ ಗುಂಡು ತುಂಬಿದ ಪಿಸ್ತೂಲನ್ನೂ ಒಂದೇ ಕೋಣೆಯಲ್ಲಿ ಬಿಟ್ಟು, ಅವರು ಕಾರಿಡಾರಿನಲ್ಲಿ ಓಡಬೇಕಿತ್ತೇ? ಓಡಿದ್ದರೆ ಇವತ್ತು ಅವರ ಕೆಲಸ ಉಳಿದಿರುತ್ತಿತ್ತು. ಏನು ಉಳಿದಿರುತ್ತಿರಲಿಲ್ಲ ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳುವುದು ಬೇಡ.

ನಿಯಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಂಡ ಬಂದೂಕನ್ನು ಮುಟ್ಟಬೇಡಿ ಎಂದು ನಾನೂ ಕಲಿಸುತ್ತೇನೆ. ಆದರೆ ಲೆಕ್ಕಾಚಾರ ನೋಡಿ: ಅದೇ ಪಿಸ್ತೂಲನ್ನು ಗುಂಡು ತುಂಬಿ, ಇದೇ ಕಟ್ಟಡದೊಳಕ್ಕೆ ಹನ್ನೆರಡು ವರ್ಷ ಹೊತ್ತು ಓಡಾಡಿದ ನಾನು ಕಾನೂನು ಪಾಲಿಸುವ ನಾಗರಿಕಳು, ಒಂಬತ್ತು ಹೆಜ್ಜೆ ಹೊತ್ತ ಓರಲೀ ತಪ್ಪಿತಸ್ಥೆ. ಇನ್ನೂ ಒಂದು ಸಂಗತಿ. ನಿಮ್ಮ ವರದಿಯ ನಕಲು ಓರಲೀ ತೋರಿಸಿದರು. "ಶೌಚಾಲಯದಲ್ಲಿ ಬಂದೂಕೊಂದು ಕಂಡುಬಂದಿತು" ಎಂದಿದೆ. ಅಣಬೆ ಎದ್ದ ಹಾಗೆ ತಾನಾಗಿ ಎದ್ದಿತೇ? ಓರಲೀಯ ಹೆಸರು ಅದರಲ್ಲಿ ಐದು ಸಲ ಬಂದಿದೆ. ನನ್ನ ಹೆಸರು ಒಂದು ಸಲವೂ ಇಲ್ಲ. ಅದು ನನ್ನ ಮೇಲಿನ ಗೌರವದಿಂದ ಎಂದು ನಿಮ್ಮ ಗುಮಾಸ್ತೆ ಹೇಳಿದರು. ಆ ಗೌರವಕ್ಕೆ ಓರಲೀ ತೆತ್ತದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಕೆಲಸದ ಜೊತೆ ಆರೋಗ್ಯ ವಿಮೆಯೂ ಹೋಗುತ್ತದೆ, ಈ ಮೂವತ್ತೊಂದಕ್ಕೆ. ಅವರ ಗಂಡ ಡೆಲ್ಮರ್ ಮಂಡಿಯ ಶಸ್ತ್ರಚಿಕಿತ್ಸೆಗೆ ಎಂಟು ತಿಂಗಳು ಕಾದು ಪಡೆದ ದಿನ ಏಪ್ರಿಲ್ ಆರು. ನಾನು ಹೋದಾಗ ಅವರು ಅಡುಗೆಮನೆಯಿಂದ ಬಾಗಿಲವರೆಗೆ ಕುರ್ಚಿ ಹಿಡಿದು, ಕುರ್ಚಿ ಬಿಟ್ಟು, ಗೋಡೆ ಹಿಡಿದು ಬಂದರು. ನಾನು ಒಯ್ದಿದ್ದ ಹಕಲ್‌ಬೆರಿ ಹಣ್ಣಿನ ಕಡುಬನ್ನು ನೋಡಿ, "ಓಹೋ, ಪಿಸ್ತೂಲಮ್ಮ! ಇದನ್ನೂ ಎಲ್ಲಾದರೂ ಬಿಟ್ಟು ಬಂದಿಲ್ಲ ತಾನೆ?" ಎಂದರು. ಬೈದಿದ್ದರೆ ವಾಸಿಯಿತ್ತು.

ಕ್ಲಬ್ಬಿನಲ್ಲಿ ಈ ಪತ್ರದ ಸುದ್ದಿ ಹಬ್ಬಿದೆ. ಶನಿವಾರದ ತಿಂಡಿಯ ಹೊತ್ತಿಗೆ, ನನಗಿಂತ ಹತ್ತು ವರ್ಷ ಹಿರಿಯರಾದ ಲವಾರ್ ನೆಬೆಕರ್ ಪ್ಯಾನ್‌ಕೇಕಿನ ಮೇಲೆ ಪಾಕ ಸುರಿಯುತ್ತಾ ಕೇಳಿದರು:

"ಟ್ವೈಲಾ, ಇದನ್ನ ಪೇಪರಿಗೆ ಹಾಕ್ತೀಯಂತೆ? ನಾವೆಲ್ಲ ತಲೆಕೆಟ್ಟವರು ಅಂತ ಕಾಯ್ತಾ ಇರೋರಿಗೆ ಹಬ್ಬ ಮಾಡ್ತೀಯಾ? ನೀನು ಯಾರ ಪಕ್ಷ, ನಮ್ಮದಾ, ಅವರದಾ?"

"ನಾನು ಬೀಗ ಹಾಕಿದವರ ಪಕ್ಷ."

"ದೊಡ್ಡ ಮಾತು. ಮರೆಯೋದು ಎಲ್ಲರಿಗೂ ಆಗುತ್ತಮ್ಮಾ. ನಾನು ಹೋದ ವರ್ಷ ಹಲ್ಲಿನ ಡಾಕ್ಟರ ಹತ್ರ..." ಎಂದವರು ಅಲ್ಲಿಗೇ ನಿಲ್ಲಿಸಿ ತಟ್ಟೆ ನೋಡತೊಡಗಿದರು.

"ಹಲ್ಲಿನ ಡಾಕ್ಟರ ಹತ್ರ ಏನು, ಲವಾರ್?"

"ಪಾಕ ಈ ಕಡೆ ಕೊಡು," ಎಂದರು. ಪಾಕ ಅವರ ಕೈಯಲ್ಲೇ ಇತ್ತು.

ಅವರೇ ಆಮೇಲೆ ಕಾರಿನವರೆಗೆ ಬಂದು, "ನನ್ನ ಹೆಸರೂ ಹಾಕು, ಪರವಾಗಿಲ್ಲ," ಎಂದರು. ಹಾಕಿದ್ದೇನೆ. ಬಂದೂಕು ಪ್ರೀತಿಸುವ ನಮ್ಮ ಮಂದಿಯ ಬಗ್ಗೆ ಹೊರಗಿನವರು ಏನೇ ಅನ್ನಲಿ, ಸರಿಯಾಗಿ ಕೇಳಿದರೆ ನಾವು ಸುಳ್ಳು ಹೇಳುವವರಲ್ಲ. ಕೇಳುವವರು ಬೇಕು, ಅಷ್ಟೆ. ಕೇಳಬೇಕಾದವರು ನೀವು. ನೀವು ಜೋಕು ಹೇಳಿದಿರಿ.

ಆದ್ದರಿಂದ ನನ್ನ ಬೇಡಿಕೆ ಎರಡೇ ಸಾಲಿನದು, ಎರಡನ್ನೂ ನೀವೇ ಬರೆಯಬೇಕು. ಒಂದು, ವರದಿಗೆ ಸೇರಿಸಿ: ಬಂದೂಕು ಟ್ವೈಲಾ ಹ್ಯಾಡ್ಲಾಕ್ ಅವರದು, ಮರೆತವರೂ ಅವರೇ. ಎರಡು, ವಜಾಪತ್ರ ಹಿಂದೆ ಪಡೆಯಲಾಗಿದೆ. ಮೂವತ್ತೊಂದರೊಳಗೆ. ಆರನೇ ನಿಯಮಕ್ಕೆ "ಮಗುವಿನ ಪ್ರಾಣಕ್ಕೆ ಅಪಾಯವಿರುವ ಸಂದರ್ಭದ ಹೊರತು" ಎಂದು ಸೇರಿಸುವುದು, ಅಡ್ಡಹಲಗೆಗಳನ್ನು ನೆಲಕ್ಕಿಳಿಸುವುದು ನಿಮ್ಮ ಪುರುಸೊತ್ತಿಗೆ ಬಿಟ್ಟದ್ದು. ಪುರುಸೊತ್ತು ಬೇಗ ಸಿಗಲೆಂದು ಹಾರೈಸುತ್ತೇನೆ.

ಇನ್ನು ನನ್ನ ವಿಷಯ. ಓರಲೀಯ ಮೇಲ್ಮನವಿಯ ವಿಚಾರಣೆ ಬರುವ ಮಂಗಳವಾರ, ಇಪ್ಪತ್ತೆಂಟನೇ ತಾರೀಕು, ಹತ್ತು ಗಂಟೆಗೆ, ಕೌಂಟಿಯ ಆಯುಕ್ತರ ಮುಂದೆ. ನನ್ನನ್ನು ಯಾರೂ ಸಾಕ್ಷಿಗೆ ಕರೆದಿಲ್ಲ. ಆದರೂ ಹೋಗುವುದೆಂದು ತೀರ್ಮಾನಿಸಿದ್ದೇನೆ. ಪ್ರಮಾಣ ಮಾಡಿ, ಇಲ್ಲಿ ಬರೆದಷ್ಟನ್ನೂ ಹೇಳುತ್ತೇನೆ. ಆಮೇಲೆ ಹೊಸ ಪರವಾನಗಿಯನ್ನು ಅವರ ಮೇಜಿನ ಮೇಲಿಟ್ಟು ರಸೀದಿ ಕೇಳುತ್ತೇನೆ. ಈ ರಾಜ್ಯದಲ್ಲಿ ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು, ಅದನ್ನು ಹಿಂತಿರುಗಿಸಿ ಏನು ಬಂತು ಎಂದು ನೀವು ನಗಬಹುದು. ಗೊತ್ತು, ಆ ಕಾನೂನನ್ನು ಜನರಿಗೆ ವಿವರಿಸಿ ಹೇಳುವವಳೂ ನಾನೇ. ಆದರೆ ಆ ಕಾರ್ಡಿಲ್ಲದೆ ಪಾಠ ಮಾಡುವುದಿಲ್ಲ ಎನ್ನುವುದು ನಾನು ನನಗೆ ಹಾಕಿಕೊಂಡ ನಿಯಮ. ಏಪ್ರಿಲ್ ತರಗತಿಗೆ ಹೆಸರು ಕೊಟ್ಟ ಹದಿನೆಂಟು ಜನರಿಗೂ ಬೇರೆ ಶಿಕ್ಷಕರನ್ನು ಹುಡುಕಿಕೊಳ್ಳಲು ತಿಳಿಸುವ ಪತ್ರ ಬರೆದಿಟ್ಟಿದ್ದೇನೆ. ಲಕೋಟೆಗಳಿಗೆ ಅಂಟು ಹಚ್ಚುವುದಷ್ಟೇ ಬಾಕಿ. ಮಂಗಳವಾರ ಮನೆಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ.

ಇಂತಿ,
ಹದಿನೇಳು ವರ್ಷ ಕಲಿಸಿಯೂ ಮೂರನೇ ಪಾಠ ಕಲಿಯದ,
ಟ್ವೈಲಾ ಹ್ಯಾಡ್ಲಾಕ್