ಗೋಂದು, ಹದಿನೈದು ದಿನಕ್ಕೆ

ಮಾರ್ಚ್ ೧೧, ಸೋಮವಾರ

ಎಂಟೂವರೆಗೆ ಲೈಬ್ರರಿ ತೆರೆದೆ. ಕಿಟಕಿ, ಕಸ, ಪೇಪರ್ ಸ್ಟ್ಯಾಂಡ್. ಶನಿವಾರದ ಪೋಸ್ಟರ್ ಬಾಗಿಲಿಗೆ ಅಂಟಿಸಿದೆ — 'ನಾಯಿಗೊಂದು ಕಥೆ ಓದಿ.' ಜನ ತಮ್ಮ ನಾಯಿ ತರುತ್ತಾರೆ. ಮಕ್ಕಳು ಒಂದೊಂದನ್ನು ಎರವಲು ಪಡೆದು, ಹದಿನೈದು ನಿಮಿಷ ಪಕ್ಕದಲ್ಲಿ ಕೂತು ಪುಸ್ತಕ ಓದುತ್ತಾರೆ. ನನ್ನದೇ ಐಡಿಯಾ. ಮನೆಯ ನಾಯಿಯನ್ನು ಬೇರೆಯವರಿಗೆ ದಾಟಿಸಿದವಳಿಗೆ ಇದೊಂದು ಕೇಡು ಬೇರೆ!

ಅಪ್ಪ ಇವತ್ತೂ ಮಾತಾಡಲಿಲ್ಲ. ನಾಲ್ಕು ತಿಂಗಳಾಯಿತು. ತಾನು ಬೈಂಡ್ ಮಾಡಿದ ಹತ್ತು ಲೈಬ್ರರಿ ಪುಸ್ತಕಗಳನ್ನು ಮನೆಯ ಮೇಜಿನ ಮೇಲಿಟ್ಟಿದ್ದ. ಬೆನ್ನು ನೇರ, ಮೂಲೆ ಚೊಕ್ಕ.

ಮಾರ್ಚ್ ೧೩, ಬೆಳಗಿನ ಜಾವ

ಮತ್ತೆ ಅದೇ ಕನಸು. ನಡುಮನೆಯಲ್ಲಿ ಗೋಂದು ಓಡಾಡುತ್ತಿದ್ದ, ಉಗುರಿನ ಟಕ್ ಟಕ್... ಅಪ್ಪನ ನಾಯಿ. ಸದಾ ಅಪ್ಪನಿಗೆ ಅಂಟಿಕೊಂಡೇ ಇರುತ್ತಿದ್ದನೆಂದು ಆ ಹೆಸರು. ಎದ್ದು ನೋಡಿದರೆ ಅಪ್ಪನೂ ಹಾಸಿಗೆಯಲ್ಲಿ ಕೂತು ಕಿವಿಗೊಟ್ಟಿದ್ದ. ಇಬ್ಬರಿಗೂ ಒಂದೇ ಕನಸು ಬೀಳುತ್ತದೆಯೇ?

ನಾಲ್ಕು ತಿಂಗಳ ಹಿಂದೆ ಗೋಂದುವಿನ ಹಗ್ಗ ಕಾಲಿಗೆ ಸುತ್ತಿ ಅಪ್ಪ ಮೆಟ್ಟಿಲಿನಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. ಅವನು ಆಸ್ಪತ್ರೆಯಲ್ಲಿರುವಾಗ ಗೋಂದುವನ್ನು ಬೇಕರಿಯಣ್ಣನಿಗೆ ಕೊಟ್ಟುಬಿಟ್ಟೆ. ಅಪ್ಪನನ್ನು ಕೇಳಿದರೆ ಬೇಡ ಅಂತಾನೆ ಅಂತಲೇ ಕೇಳಲಿಲ್ಲ.

ಮಾರ್ಚ್ ೧೬, ಶನಿವಾರ, ಸಂಜೆ

ಮುಗಿಯಿತು. ಕಾಲು ಇನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ.

ಇಪ್ಪತ್ತೊಂದು ನಾಯಿ. ಮೊದಲ ಹತ್ತು ನಿಮಿಷ ರಂಪ — ದರ್ಜಿಯಮ್ಮನ ಕುಳ್ಳ ನಾಯಿ ವಿಶ್ವಕೋಶದ ಕಪಾಟಿಗೇ ಕಾಲೆತ್ತಿತು. ಆಮೇಲೆ ಏನಾಯಿತೋ, ಎಲ್ಲವೂ ಮಲಗಿದವು. ನೆಲದ ತುಂಬ ಕಿಟಕಿಯ ಬಿಸಿಲು. ಮಕ್ಕಳ ಪಿಸುದನಿ. ಪುಟ ತಿರುವಿದಾಗೆಲ್ಲ ಎಲ್ಲೋ ಒಂದು ಕಿವಿ ಅಲುಗುತ್ತಿತ್ತು. ಸೀಲ್ ಹಿಡಿದುಕೊಂಡೇ ತೂಕಡಿಸಿದೆನೇನೋ... ಕಣ್ಣು ಬಿಟ್ಟರೆ ಕ್ಯೂನಲ್ಲಿ ಅಪ್ಪ! ಕೋಲೂರಿಕೊಂಡು, ಎರಡು ಚಿಳ್ಳೆಪಿಳ್ಳೆಗಳ ನಡುವೆ. ಬೆರಳು ಮಾಡಿ ತೋರಿಸಿದ. ಬೇಕರಿಯಣ್ಣನ ಪಕ್ಕದಲ್ಲಿ ಗೋಂದು.

ಸ್ಲಿಪ್‌ಗೆ ಸೀಲ್ ಒತ್ತಿ ಕೊಟ್ಟೆ. ಅಪ್ಪ ಏನೂ ಓದಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತ. ಗೋಂದು ಅವನ ಪಾದದ ಮೇಲೆ ಗಲ್ಲವಿಟ್ಟು ಮಲಗಿದ. ಹೊತ್ತು ಮುಗಿದ ಮೇಲೆ ಬೇಕರಿಯಣ್ಣ ಮೆಲ್ಲಗೆ ಹಗ್ಗಕ್ಕೆ ಕೈ ಚಾಚಿದ. ಅಪ್ಪ ಸ್ಲಿಪ್ ಎತ್ತಿ ಹಿಡಿದ.

"ಇದ್ರಲ್ಲಿ ಹದಿನೈದು ದಿನ ಅಂತಿದೆಯಲ್ಲಪ್ಪ."

ಪುಸ್ತಕ ಕೊಡುವ ಹಳೇ ಸ್ಲಿಪ್‌ಗಳು. ಎಲ್ಲದರಲ್ಲೂ 'ದಿನ' ಹೊಡೆದು 'ನಿಮಿಷ' ಬರೆದಿದ್ದೆ. ಇದೊಂದು ಹೇಗೆ ಉಳಿಯಿತೋ! ಹದಿನೆಂಟು ವರ್ಷದ ಸರ್ವೀಸಿನಲ್ಲಿ ಮೊದಲ ತಪ್ಪು, ಇಲ್ಲೇ ಆಗಬೇಕೇ?

ಬೇಕರಿಯಣ್ಣನ ಮುಖ ಸಣ್ಣದಾಯಿತು. ನನ್ನ ಕಡೆ ನೋಡಿದ. ಆಮೇಲೆ ನಕ್ಕ.

"ಸೀಲ್ ಬಿದ್ಮೇಲೆ ಇನ್ನೇನ್ ಮಾಡೋಕಾಗತ್ತೆ ಯಜಮಾನ್ರೇ? ಕರ್ಕೊಂಡ್ ಹೋಗಿ. ಆದ್ರೆ ಹದಿನಾರನೇ ದಿನ ನಾನು ಸುಮ್ನಿರಲ್ಲ, ಹೇಳಿರ್ತೀನಿ."

ಮಾರ್ಚ್ ೧೮

ಅಪ್ಪನಿಗೆ ಮಾತು ಬಂದಿದೆ, ಗೋಂದು ಜೊತೆ. "ಅವಳಿಗೆ ಹೇಳೋ, ಉಪ್ಪು ಕಮ್ಮಿ ಆಗಿದೆ." ಗೋಂದು ನನ್ನ ಮುಖ ನೋಡುತ್ತಾನೆ. ಉಪ್ಪು ತಂದಿಟ್ಟೆ. "ಅಪ್ಪಾ, ತಪ್ಪಾಯ್ತು" ಅಂದೆ. ಅದಕ್ಕೆ ಉತ್ತರವನ್ನು ನಾಯಿಗೂ ಹೇಳಲಿಲ್ಲ.

ಮಾರ್ಚ್ ೨೬

ಬೆಕ್ಕು ಕಂಡು ಗೋಂದು ಜಿಗಿದ. ಅಪ್ಪ ವಾಲಿದ, ಗೇಟು ಹಿಡಿದು ನಿಂತ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಆದರೂ ಓಡಲಿಲ್ಲ, ಕಂಡೇ ಇಲ್ಲವೆಂಬಂತೆ ಕಿಟಕಿಯಿಂದ ಸರಿದೆ.

ಮಾರ್ಚ್ ೩೧, ಭಾನುವಾರ, ಬೆಳಿಗ್ಗೆ

ಎದ್ದಾಗ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಗೋಂದುವಿನ ಮೈ ಬಾಚಿ, ಹಗ್ಗ ಕಟ್ಟಿದ್ದ.

"ಏನ್ ನೋಡ್ತೀಯ? ಇವತ್ತು ವಾಪಸ್ ಕೊಡೋ ದಿನ ಅಲ್ವಾ?"

ನನಗೇ ಅಂದದ್ದು. ನನ್ನ ಮುಖ ನೋಡಿಯೇ.

"ಇನ್ನೊಂದು ಸ್ಲಿಪ್ ಬರ್ಕೊಡ್ತೀನಪ್ಪ..."

"ಬೇಡ. ಇವನನ್ನ ಹಿಡಿಯೋ ಶಕ್ತಿ ಈ ಕಾಲಿಗಿಲ್ಲ. ಅವತ್ತೂ ಗೊತ್ತಿತ್ತು ನಂಗೆ." ಗೋಂದುವಿನ ಕಿವಿ ನೇವರಿಸಿದ. "ಒಂದ್ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ ಕಣೇ. ನನ್ನ ಕೈಯಾರೆ ಕೊಡ್ತಿದ್ದೆ."

ಗಳಗಳ ಅತ್ತುಬಿಟ್ಟೆ.

"ಸಾಕು, ಮುಖ ತೊಳ್ಕೊಂಡ್ ಬಾ. ಇಬ್ರೂ ಹೋಗೋಣ."

ತೊಳೆದೆ. ಈಗ ಗೇಟಿನಿಂದ ಕೂಗುತ್ತಿದ್ದಾನೆ — ಅದೇನೇ ಬರೆಯೋದು, ಹೊತ್ತಾಯ್ತು! ಬಂದೆ ಅಪ್ಪ, ಬಂ