ಕುಂಟುವ ವೀಡಿಯೊ

ತಮ್ಮಾ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ, ಲ್ಯಾಬಿಗೆ ಹೊರಟೆ.

ಅಮ್ಮನ ವೀಡಿಯೊ ಯಾಕೆ ತಡವರಿಸುತ್ತಿದೆ ಅಂತ ಗೊತ್ತಾಯಿತು. ಎಡಿಟಿಂಗ್ ಟೈಮ್‌ಲೈನಿಗೆ ಮೊದಲು ಹಾಕಿದ ಕ್ಲಿಪ್ಪಿನ ವೇಗವನ್ನೇ ಸಾಫ್ಟ್‌ವೇರ್ ಇಡೀ ವೀಡಿಯೊಗೆ ಹಿಡಿಯುತ್ತೆ. ನೀನು ಮೊದಲು ಹಾಕಿದ್ದು ಹಳೆ ಕ್ಯಾಮೆರಾದ ಕ್ಲಿಪ್, ಸೆಕೆಂಡಿಗೆ ಇಪ್ಪತ್ತೈದು ಫ್ರೇಮಿನದು. ಮೊಣಕಾಲಿನ ಆಪರೇಷನ್ ಆದಮೇಲೆ ಅಮ್ಮ ನಡೆದದ್ದನ್ನು ಫೋನಿನಲ್ಲಿ ತೆಗೆದೆವಲ್ಲ, ಅದು ಮೂವತ್ತರದು. ಸೆಕೆಂಡಿಗೆ ಐದು ಫ್ರೇಮನ್ನು ಸಾಫ್ಟ್‌ವೇರ್ ಗುಳುಂ ಮಾಡಿದೆ, ಅದಕ್ಕೇ ಅಮ್ಮನ ಹೆಜ್ಜೆ ಕುಂಟಿದ ಹಾಗೆ ಕಾಣುತ್ತೆ.

ಹೊಸ ಟೈಮ್‌ಲೈನ್ ಮಾಡಿ ಫೋನಿನ ಕ್ಲಿಪ್ಪನ್ನೇ ಮೊದಲು ಹಾಕು. ಹಳೆಯದರಲ್ಲಿ ಅಮ್ಮ ಕುರ್ಚಿ ಬಿಟ್ಟು ಏಳುವುದೇ ಇಲ್ಲ, ಅದು ತುಸು ತಡವರಿಸಿದರೂ ನಡೆಯುತ್ತೆ. ಕಟ್‌ಗಳು ಒಂದೆರಡು ಫ್ರೇಮ್ ಆಚೀಚೆ ಸರಿದಿರುತ್ತವೆ, ಒಂದೊಂದನ್ನೂ ನೋಡು. ಕೊನೆಯ ಕಟ್ ಮಾತ್ರ ಬರೀ ಅವಸರದ್ದು, ಮಹಾರಾಯ. ಅಮ್ಮ ಗೋಡೆ ಬಿಟ್ಟು ನಿಲ್ಲುವ ಮೊದಲೇ ಕತ್ತರಿಸಿದ್ದೀಯ. ಎರಡು ಸೆಕೆಂಡ್ ಮುಂದಕ್ಕೆ ಎಳೆ.

ನಿನ್ನೆ ಈ ವೀಡಿಯೊ ನೋಡಿ ಅಮ್ಮ, "ನಾನಿನ್ನೂ ಹೀಗೇ ಕುಂಟ್ತೀನಾ?" ಅಂದಳು. ಇವತ್ತು ವಾಕಿಂಗ್ ಬೇಡ ಅಂತ ಶೂಗಳನ್ನು ಮಂಚದಡಿಗೆ ತಳ್ಳಿದ್ದಾಳೆ. ನಾನು ಏನು ಹೇಳಿದರೂ, "ಸಮಾಧಾನಕ್ಕೆ ಹೇಳ್ತೀಯ ಬಿಡು" ಅಂತಾಳೆ.

ಸಂಜೆಯೊಳಗೆ ನಿನ್ನೆಯ ವೀಡಿಯೊ, ಸರಿಮಾಡಿದ್ದು ಎರಡನ್ನೂ ಅಮ್ಮನಿಗೆ ತೋರಿಸಿ, ತಪ್ಪು ನಿನ್ನದು, ಅವಳ ಕಾಲಿನದಲ್ಲ ಅಂತ ಹೇಳು. ಅಷ್ಟನ್ನು ಅಮ್ಮ ಎರಡನೇ ಮಾತಿಲ್ಲದೆ ನಂಬುತ್ತಾಳೆ.

ಅಕ್ಕ