ಕೆರೆ ಗೆದ್ದಿತು, ನಿಮ್ಮ ಮೀಸೆ ಸೋತಿತು

ನೀರಲಕೊಪ್ಪ, ತಾ. ಬೈಲಹೊಂಗಲ
೮ ನವೆಂಬರ್ ೨೦೦೧

ಸಾಜಿದನ ಅಬ್ಬಾ ಅವರಿಗೆ ಮಕ್ತುಮಬಿಯ ಸಲಾಂ.

ನಿಮ್ಮ ಸೊಂಟನೋವು ಹೇಗಿದೆ? ಇಚಲಕರಂಜಿಯಿಂದ ಮುಂಬಯಿಗೆ ಲಾರಿ ಹೊಡೆಯುವಾಗ ಬೆನ್ನಿಗೆ ದಿಂಬು ಇಟ್ಟುಕೊಳ್ಳಿ ಎಂದಿದ್ದೆ. ಇಟ್ಟುಕೊಂಡಿರುವುದಿಲ್ಲ, ಗೊತ್ತು. ಮಹೇಕ್‌ಗೆ ನೆಗಡಿಯಾಗಿತ್ತು, ಈಗ ವಾಸಿ. ಸಾಜಿದ್ ಅಳದೆ ಶಾಲೆಗೆ ಹೋಗುತ್ತಿದ್ದಾನೆ. ನನಗಂತೂ ಬರೆಯುತ್ತಲೇ ನಗು ಬರುತ್ತಿದೆ. ಒಮ್ಮೆ ಕನ್ನಡಿಯ ಮುಂದೆ ನಿಂತು ನಿಮ್ಮ ಮೀಸೆಯನ್ನು ಕಣ್ತುಂಬ ನೋಡಿಕೊಳ್ಳಿ.

ಹೋದ ವರ್ಷ ಬಲೆಯನ್ನು ಜಂತಿಗೆ ಸಿಕ್ಕಿಸಿ ಹೊರಡುವಾಗ ಏನೆಂದಿರಿ? “ಈ ಕೆರ್ಯಾಗ ಇನ್ನ ಮೀನ ಬಿಡು, ಕಪ್ಪಿ ಸುದ್ದಾ ಹುಟ್ಟೂದಿಲ್ಲ. ಹುಟ್ಟಿದ್ರ ಮೀಸಿ ಬೋಳಸ್ತೇನಿ.” ನಿಮ್ಮ ಸಿಟ್ಟು ಸುಳ್ಳಲ್ಲ. ಮಳೆಗಾಲದಲ್ಲಿ ಬಿಟ್ಟ ಮೀನಿನ ಮರಿಗಳು ದಸರೆಯೊಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮರಿಯೇ ಕೆಟ್ಟದ್ದೆಂದು ನೀವು ಮಾರುವವರನ್ನು ಬದಲಿಸಿದಿರಿ. ಕೆರೆಗೆ ದೃಷ್ಟಿಯಾಗಿದೆ ಎಂದು ಪಕ್ಕದ ಮನೆಯ ಮರೆವ್ವ ನಿಂಬೆಹಣ್ಣು ಎಸೆದು ಬಂದಳು. ನಮ್ಮೂರ ಗಂಡಸರು ಹತ್ತಿಗೆ ಹುಳ ಕೊಲ್ಲುವ ಎಣ್ಣೆ ಹೊಡೆದು ಬಂದರೆ ಕುಡಿಯುವ ಬಾವಿಯ ಕಡೆ ಸುಳಿಯುವುದಿಲ್ಲ, ಅಷ್ಟು ಶಿಸ್ತು! ಪಂಪು, ಡಬ್ಬಿ ತೊಳೆಯುವುದೆಲ್ಲ ಕೆರೆಯಲ್ಲಿ. ನೀರಿನ ಮೇಲೆ ಓಡಾಡುವ ಹುಳು ಮೊದಲು ಹೋದವು, ಆಮೇಲೆ ಕಪ್ಪೆ, ಆಮೇಲೆ ಮಕ್ಕಳು ಹೆಲಿಕಾಪ್ಟರ್ ಎನ್ನುವ ಆ ಚಿಟ್ಟೆ. ಪಾಚಿ ತಿನ್ನುವ ಸಣ್ಣ ಜೀವಗಳು ಎಣ್ಣೆಯಿಂದ ಸತ್ತರೆ ನೀರು ನಮ್ಮ ಕೆರೆಯ ಹಾಗೆ ಹಸಿರಾಗುತ್ತದೆ ಎಂದು ರೇಡಿಯೋದಲ್ಲಿ ಕೇಳಿದಾಗಲೇ ನನಗೆ ಕಾರಣ ಹೊಳೆದದ್ದು. ಸೊಳ್ಳೆಗಳಿಗೆ ಮಾತ್ರ ಹಬ್ಬ, ಅವುಗಳ ಮರಿ ತಿನ್ನುವವರೇ ಉಳಿದಿರಲಿಲ್ಲ.

ಮೊಹರಮ್ಮಿನ ಕೊನೆಯ ದಿನ ದೇವರ ಪಂಜಾಗಳು ಮೆರವಣಿಗೆಯಲ್ಲಿ ಕೆರೆಗೆ ಹೋದಾಗ ನನ್ನ ತಾಳ್ಮೆಯೂ ಮುಗಿಯಿತು. ಈ ಸಲವೂ ಎಲ್ಲಕ್ಕಿಂತ ಮುಂದಿನ ಪಂಜಾ ಹಿಡಿದವರು ಬಸವಣ್ಣೆಪ್ಪನವರೇ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹತ್ತಿ ಬೆಳೆಯುವವರೂ ಅವರೇ ತಾನೆ. ನಾರುವ ನೀರಿಗೆ ಇಳಿದರು, ಮೂಗು ಮುಚ್ಚಿಕೊಳ್ಳಲು ಕೈ ಖಾಲಿ ಇಲ್ಲ. ನಾನು ದಂಡೆಯಿಂದಲೇ ಕೂಗಿದೆ: “ಯಜಮಾನ್ರ, ದೇವ್ರು ಜಳಕಾ ಮಾಡೋ ನೀರಾಗ ಎಣ್ಣಿ ಡಬ್ಬಿ ತೊಳಿತೀರಲ್ರಿ, ಮುಂದಿನ ವರ್ಷ ದೇವ್ರನ್ನ ಎಲ್ಲಿಗೆ ಒಯ್ಯೋದ್ರಿ?” ಹಲಗೆಯ ಬಡಿತ ನಿಂತುಹೋಯಿತು. ಬಸವಣ್ಣೆಪ್ಪನವರು ಪಂಜಾ ಎತ್ತಿ ಹಿಡಿದು ಹಿಂದಿನವರ ಕಡೆ ತಿರುಗಿ, “ಆಕಿ ಖರೇ ಹೇಳ್ತಾಳ” ಎಂದರು. ಹೊಲದ ಬದುವಿಗೇ ಬ್ಯಾರಲ್‌ನಲ್ಲಿ ನೀರು ಒಯ್ಯಬೇಕು, ಪಂಪು ತೊಳೆದ ನೀರನ್ನೂ ಹತ್ತಿಗೇ ಹೊಡೆಯಬೇಕು ಎಂದು ಪಂಜಾದ ಮುಂದೆಯೇ ಮಾತಾಯಿತು.

ಮಾತು ಕೊಡುವುದು ಸುಲಭ. ಶ್ರಾವಣದಲ್ಲಿ ಅವರ ತಮ್ಮ ನೀಲಪ್ಪನೇ ಬೆನ್ನಿಗೆ ಪಂಪು ಹಾಕಿಕೊಂಡು ಕೆರೆಗೆ ಬಂದ. ಬಟ್ಟೆ ಒಗೆಯುತ್ತಿದ್ದ ನಾನು ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತುಬಿಟ್ಟೆ. “ತೊಳಿಯೋದಿದ್ರ ನನ್ನ ಮ್ಯಾಲ ತೊಳಿರಿ, ನೀಲಪ್ಪಣ್ಣಾ.” ಅವನು ಒದ್ದಾಡಿದ, ಗೊಣಗಿದ, ಕೊನೆಗೆ ತಿರುಗಿ ಹೋದ. ಅವನ ಹಿಂದೆ ಬರುತ್ತಿದ್ದವರೂ ದಾರಿಯಲ್ಲೇ ತಿರುಗಿದರು.

ಈಗ ಕೇಳಿ. ಕಪ್ಪೆಗಳು ವಟಗುಟ್ಟಿದ ದಿನ ಮರೆವ್ವ ನನ್ನನ್ನು ತಬ್ಬಿಕೊಂಡು ಕುಣಿದಳು. ನಿಮಗೆ ಹೇಳದೆ ಮುನವಳ್ಳಿಯಿಂದ ಮರಿ ತರಿಸಿ ಬಿಟ್ಟಿದ್ದೆ. ದಸರೆ ಹೋಯಿತು, ಒಂದೂ ತೇಲಲಿಲ್ಲ! ನಿನ್ನೆ ನಾನೂ ಮರೆವ್ವನೂ ನಿಮ್ಮ ಬಲೆ ಇಳಿಸಿ ಎಳೆದೆವು. ಗೇಣು ದಾಟಿದ ಕಾಟ್ಲಾ ಮೀನು, ಎಳೆದ ಕೈ ಇನ್ನೂ ನೋಯುತ್ತಿದೆ, ಸಂತೋಷಕ್ಕೆ ಅಳು ಬಂತು. ಮೀನು ಮುಟ್ಟದ ಬಸವಣ್ಣೆಪ್ಪನವರೇ ಅದರ ಉದ್ದವನ್ನು ಕೈಚಾಚಿ ತೋರಿಸುತ್ತಾ ಊರೆಲ್ಲ ತಿರುಗುತ್ತಿದ್ದಾರೆ, ಸಂಜೆಯ ಹೊತ್ತಿಗೆ ಅದು ಮೊಳದ್ದಾಗಿತ್ತು.

ಮಕ್ಕಳ ಸಲಾಂ. ಅಲ್ಲಾಹ್ ನಿಮ್ಮನ್ನು ದಾರಿಯುದ್ದಕ್ಕೂ ಕಾಯಲಿ.

ನಿಮ್ಮ
ಮಕ್ತುಮಬಿ

ತಾ.ಕ.: ಟಪಾಲಿನವ ಬಾಗಿಲಲ್ಲೇ ನಿಂತಿದ್ದಾನೆ. ಕೆರೆಯ ಮೀನು ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಿನ್ನೆ ದಂಡೆಯ ಮೇಲೆ ಎಲ್ಲರೂ ಕೇಳಿದರು. ನಿಮ್ಮನ್ನು ಕೇಳದೆಯೇ “ಅವ್ರ ಬರತಾರ” ಎಂದುಬಿಟ್ಟೆ. ಮಾಲೀಕರಿಗೆ ಲಾರಿಯ ಚಾವಿ ಕೊಟ್ಟು ರಮಜಾನಿನ ಚಂದ್ರ ಕಾಣುವ ಮೊದಲೇ ಬನ್ನಿ. ಮೀಸೆ ಇರಲಿ, ಅದೂ ಇಲ್ಲದಿದ್ದರೆ ಮಹೇಕ್‌ಗೆ ನಿಮ್ಮ ಗುರುತು ಹತ್ತುವುದಿಲ್ಲ.